ಟೈಲ್ಸ್ ಹಿಂದಿನ ಹೆಸರುಗಳು

ಹಳೆಯ ಸ್ಮಾರಕಗಳ ಪಟ್ಟಿ ಮಾಡಲು ಜಮಖಂಡಿ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಊರಿನ ಸೈನಿಕರ ಹೆಸರು ಕೆತ್ತಿದ ಕಲ್ಲು ಚಾವಡಿ ಮುಂದೆ ಇರಬೇಕಿತ್ತು. ಕಂಡದ್ದು ಬಚ್ಚಲಮನೆಯ ಟೈಲ್ಸ್.

"ಕಲ್ಲು ಒಳಗ ಐತ್ರೀ. ಮಳಿ ಬಿಸಲು ತಾಗಬಾರದಂತ ಸುತ್ತಲೂ ಟೈಲ್ಸ್ ಕೂಡಿಸೇವಿ," ಅಂದರು ಪಂಚಾಯಿತಿ ಸದಸ್ಯರು.

"ಹೆಸರು ಓದೋದು ಹೆಂಗ್ರೀ?"

"ಅವನ್ನ ಈಗ ಯಾರ್ ಓದತಾರ್ರೀ?"

ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಟೈಲ್ಸ್ ತಡವುತ್ತ, "ನನಗ ಓದಾಕ ಬರೂದಿಲ್ಲ. ನಮ್ಮಜ್ಜ ಕೆಳಗಿಂದ ಮೂರನೇ ಸಾಲಿನಾಗ ಅದಾನ. ಅಮಾಸಿಗೊಮ್ಮೆ ಬೆರಳಿಲೆ ಎಣ್ಣಿ ಹಚ್ಚತಿದ್ನಿ. ಈಗ ಎಲ್ಲಿ ಹಚ್ಚಲಿ ಯಪ್ಪಾ?" ಅಂದಳು.

ಟೈಲ್ಸ್ ಮೇಲೆ ಸದಸ್ಯರದೇ ಹೆಸರು, ಬಂಗಾರದ ಬಣ್ಣದಲ್ಲಿ, ಬಯಲಿಗೇ ನಿಂತಿತ್ತು. ಆ ಹೆಸರಿಗೆ ಮಾತ್ರ ಮಳೆ ಬಿಸಿಲಿನ ಭಯವಿಲ್ಲವೆಂದು ಕಾಣುತ್ತದೆ.