ಅಂತರಪಟ ಕಾಣುವಷ್ಟು ದೂರ

ಕಾಕಾರ ಎಡಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಕೂಡುವ ಸಂದಿಯಲ್ಲಿ ಹುಣಸೆ ಬೀಜದಷ್ಟು ದೊಡ್ಡ ಜಡ್ಡು ಇತ್ತು. ಕಪ್ಪಗೆ, ನುಣ್ಣಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಡ್ರಮ್ಮಿನ ಎಡಗೋಲು ವರ್ಷಗಟ್ಟಲೆ ಕೂತೆದ್ದ ಜಾಗ ಅದು. ಬಲಗೈಯಲ್ಲಿ ಅಂಥದೇನೂ ಇರಲಿಲ್ಲ. ಬಸ್ಸಿನಲ್ಲಿ ಸುಮ್ಮನೆ ಕೂತಾಗ ಬಲಗೈ ಬೆರಳಿನಿಂದ ಆ ಜಡ್ಡನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಕಿಸೆಯಲ್ಲಿ ಟಿಕೆಟ್ ಇದೆಯೋ ಇಲ್ಲವೋ ಎಂದು ತಡವಿಕೊಳ್ಳುವವರ ಹಾಗೆ.

ನಮ್ಮದು ಗೋಕಾಕಿನ ಒಂದು ಬ್ಯಾಂಡ್ ಕಂಪನಿ. ನಮ್ಮ ಮಾಸ್ತರು ಉಳಿದ ಕಾಲದಲ್ಲಿ ಅಂಗಿ ಹೊಲಿಯುವವರು, ಮದುವೆಯ ಕಾಲದಲ್ಲಿ ಕಾರ್ನೆಟ್ ಊದುವವರು. ಕಾಕಾ ಡ್ರಮ್ಮು. ನಾನು ಕ್ಲಾರಿನೆಟ್. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಕೊಳಲು ಊದಿ ಊದಿ ಆ ಕರಿ ಕೊಳವೆಗೆ ಬಂದವನು. ಆಗ ನನಗೆ ಇಪ್ಪತ್ತೆರಡು. ಕೆಂಪು ಕೋಟು ತೊಟ್ಟು ಮೆರವಣಿಗೆಯ ಮುಂದೆ ನಿಂತರೆ ಮದುಮಗ ನಾನೋ ಅವನೋ ಎಂಬ ಅನುಮಾನ ನನಗೇ ಬರುತ್ತಿತ್ತು. ಕಾಕಾರಿಗೆ ನಲವತ್ತರ ಮೇಲೆ. ಅವರನ್ನು ‘ಕಾಕಾ’ ಎಂದು ಕರೆಯಲು ನನಗೆ ಮೂರು ವರ್ಷ ಬೇಕಾಯಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಅಲ್ಲಿಯವರೆಗೆ ಉಳಿದವರಂತೆ ನಾನೂ ‘ಏ ಡ್ರಮ್ಮಿನವನ’ ಎಂದೇ ಕೂಗುತ್ತಿದ್ದೆ. ಅವರು ಕೇರಿಯವರು, ತಲೆತಲಾಂತರದಿಂದ ಹಲಗೆ ಬಾರಿಸುವ ಮನೆಯವರು. ಅಂಥವರಿಗೆ ಬಹುವಚನ ಕೊಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ, ನಾನಾಗಿ ಕಲಿಯುವಷ್ಟು ಬುದ್ಧಿಯೂ ಇರಲಿಲ್ಲ.

ಡ್ರಮ್ಮು ಅವರಿಗೆ ಬಂದದ್ದು ಬೆಳಗಾವಿಯ ಪಲ್ಟನ್ನಿನಲ್ಲಿ. ಸ್ವಾತಂತ್ರ್ಯಕ್ಕೆ ಮುಂಚೆ ಅಲ್ಲಿ ಬ್ಯಾಂಡಿನ ಖೋಲಿ ಗುಡಿಸುವ ಕೆಲಸಕ್ಕಿದ್ದರು. ಖಾಲಿ ಬಕೆಟ್ಟಿನ ಮೇಲೆ ಹಲಗೆಯ ಪೆಟ್ಟು ಬಾರಿಸುತ್ತಿದ್ದವರನ್ನು ಒಬ್ಬ ಬಿಳಿಯ ಡ್ರಮ್ಮರ್ ಕೇಳಿಸಿಕೊಂಡು, ಕೈಯಲ್ಲಿದ್ದ ಕಸಬರಿಗೆ ಕೆಳಗಿಡಿಸಿ ಕೋಲು ಕೊಟ್ಟನಂತೆ. ಅವನು ವೇಲ್ಸ್ ಎಂಬ ಸೀಮೆಯವನು. ‘ಇಂಗ್ಲೆಂಡಿನವರೇನ್ರಿ?’ ಎಂದು ಯಾರಾದರೂ ಕೇಳಿದರೆ ಅವನ ಮುಖ ಕೆಂಪಾಗುತ್ತಿತ್ತಂತೆ. “ಸಾಯೇಬ್ರೊಳಗೂ ಒಂದು ಕೇರಿ ಇತ್ತು ಅಂತ ಕಾಣತೈತಿ. ಅವ ಆ ಕೇರಿಯಾಂವ” ಎಂದು ಕಾಕಾ ನಗುತ್ತಿದ್ದರು. ನಲವತ್ತೇಳರಲ್ಲಿ ಅವನು ಹಡಗು ಹತ್ತುವಾಗ ತನ್ನ ಒಂದು ಜೊತೆ ಕೋಲು ಕೊಟ್ಟು ಹೋದ. ನಮ್ಮ ಕಡೆ ಬೆಳೆಯದ ಯಾವುದೋ ಮರದ್ದು, ಕಬ್ಬಿಣದಷ್ಟು ಭಾರ. ಅವನ್ನು ಕಾಕಾ ಧೋತರದ ಚೂರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಬೀದಿಯ ಮೆರವಣಿಗೆಗೆ ಊರಿನ ಕೋಲು. ಅಕ್ಷತೆಯ ಹೊತ್ತಿಗೆ ಮಾತ್ರ ಆ ಕೋಲು ಹೊರಗೆ ಬರುತ್ತಿದ್ದವು.

ಅವನಿಂದ ಕಲಿತ ಒಂದು ಮಾತನ್ನು ಕಾಕಾ ಬೇಸರವಿಲ್ಲದೆ ಹೇಳುತ್ತಿದ್ದರು: “ಡ್ರಮ್ಮು ಕೈಲೆ ಬಾರಸೂದಲ್ಲ, ಕಣ್ಣಿಲೆ ಬಾರಸೂದು.” ಅವರು ಬಾರಿಸುವಾಗ ಡ್ರಮ್ಮಿನ ಕಡೆ ನೋಡಿದ್ದೇ ಇಲ್ಲ. ಮೆರವಣಿಗೆಯಲ್ಲಿ ಕುದುರೆಯ ಕಿವಿ ನೋಡುತ್ತಿದ್ದರು. ಅದು ಬೆದರುವ ಮುನ್ನವೇ ಪೆಟ್ಟು ಮೆತ್ತಗಾಗುತ್ತಿತ್ತು. ಓಣಿಯ ತಿರುವಿನಲ್ಲಿ ಯಾರ ಮನೆಯ ಕಟ್ಟೆಯ ಮೇಲೆ ಕಾಯಿಲೆಯವರು ಮಲಗಿದ್ದಾರೆಂದು ನಮಗಿಂತ ಮೊದಲು ಅವರಿಗೆ ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿ ತಲೆದೂಗುತ್ತ ಊದಿದರೆ, ನನಗೆ ತಾವಿಟ್ಟ ಹೆಸರು ಹಿಡಿದು, “ಪೀಪಿ, ಕಣ್ಣ ತೆರಿ. ಮುಂದ ಗಟಾರ ಐತಿ” ಎನ್ನುತ್ತಿದ್ದರು. ಗಟಾರ ನಿಜಕ್ಕೂ ಇರುತ್ತಿತ್ತು.

ಆದರೆ ಯಾವ ಹೊತ್ತಿಗೆ ಕಣ್ಣು ಎಲ್ಲಕ್ಕಿಂತ ಹೆಚ್ಚು ಬೇಕೋ ಆ ಹೊತ್ತಿಗೇ ಕಾಕಾರಿಗೆ ಏನೂ ಕಾಣುತ್ತಿರಲಿಲ್ಲ. ನಮ್ಮ ಕಡೆಯ ಮದುವೆಯಲ್ಲಿ ವಧು ವರರ ನಡುವೆ ಅಂತರಪಟ ಹಿಡಿಯುತ್ತಾರೆ. ಭಟ್ಟರು ಮಂಗಲಾಷ್ಟಕ ಹೇಳುತ್ತಾರೆ. ಮುಹೂರ್ತಕ್ಕೆ ಸರಿಯಾಗಿ ಕೊನೆಯ ಶ್ಲೋಕ ಮುಗಿದೊಡನೆ ಡ್ರಮ್ಮು ಗುಡುಗಬೇಕು. ಜನರ ಗದ್ದಲದಲ್ಲಿ ಭಟ್ಟರ ದನಿ ಸರಿಯಾಗಿ ಕೇಳುವುದಿಲ್ಲ. ಡ್ರಮ್ಮು ಕೇಳಿಯೇ ಪಟ ಇಳಿಸುವವರು ಇಳಿಸುತ್ತಾರೆ, ಜನ ಅಕ್ಷತೆ ಎಸೆಯುತ್ತಾರೆ, ನಾವು ಊದುತ್ತೇವೆ. ಬ್ಯಾಂಡಿನ ಉಳಿದವರೆಲ್ಲ ಹಂದರದ ಒಳಗೆ ಒಂದು ಅಂಚಿಗೆ ನಿಲ್ಲುತ್ತಿದ್ದೆವು. ಕಾಕಾ ಮಾತ್ರ ಹೊರಗೆ, ಬೇವಿನ ಗಿಡವೋ ಬಾವಿಕಟ್ಟೆಯೋ ಇದ್ದಲ್ಲಿ, ಒಬ್ಬರೇ. ಒಳಗಿನ ಸುದ್ದಿ ಅವರಿಗೆ ಮುಟ್ಟಿಸಲು ಹಂದರದ ಬಾಗಿಲಲ್ಲಿ ನನ್ನನ್ನು ನಿಲ್ಲಿಸುತ್ತಿದ್ದರು. ಸಮಯಕ್ಕೆ ಸರಿಯಾಗಿ ನಾನು ಬಿಳಿ ಕರವಸ್ತ್ರ ಎತ್ತಿ ಆಡಿಸಬೇಕು. ಅದನ್ನು ಕಂಡು ಅವರು ಬಾರಿಸಬೇಕು. ಎಷ್ಟೋ ಮದುವೆಗಳು ಹೀಗೆಯೇ ನಡೆದಿದ್ದವು.

ಆ ಹೊತ್ತಿಗೆ ಕಾಕಾರ ಕೇರಿಯ ಕೆಲವು ಮನೆಗಳವರು ಬುದ್ಧನ ದಾರಿ ಹಿಡಿದಿದ್ದರು. ಇನ್ನು ಊರವರು ಕರೆದಲ್ಲಿಗೆ ಹೋಗಿ ಹಲಗೆ ಬಾರಿಸುವುದಿಲ್ಲ ಎಂದು ಹಿರಿಯರು ಕೂಡಿ ನಿಶ್ಚಯಿಸಿದರು. ಕಾಕಾ ತಮ್ಮ ಮನೆಯ ಹಲಗೆಯನ್ನು ಅಂದೇ ಗೋಡೆಯ ಮೊಳೆಯಿಂದ ಇಳಿಸಿದರು. ‘ಡ್ರಮ್ಮಿಂದೇನಪಾ?’ ಎಂದು ಒಬ್ಬರು ಕೇಳಿದ್ದಕ್ಕೆ ಅವರು, “ಹಲಗಿ ಅವರು ಹೇಳಿದಾಗ ಬಾರಸೂದು. ಡ್ರಮ್ಮು ನಾ ಒಪ್ಪಿದಾಗ ಬಾರಸೂದು” ಎಂದರಂತೆ. ಅದಕ್ಕೆ ಆ ಹಿರಿಯರು ಹೇಳಿದ ಮಾತನ್ನು ಕಾಕಾ ನನಗೆ ಬಸ್ಸಿನಲ್ಲಿ, ಕಿಟಕಿಯ ಹೊರಗೆ ನೋಡುತ್ತ ಹೇಳಿದರು: “ಕ್ವಾಟು ಹಾಕ್ತಿ ಖರೆ, ನಿಂದರೂದು ಗಿಡದ ಬುಡಕನ ಅಲ್ಲೇನೋ? ಅಂದ.” ಅವರ ಬೆರಳು ಜಡ್ಡಿನ ಮೇಲಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಕೌಜಲಗಿಯಲ್ಲಿ ಒಂದು ದೊಡ್ಡ ಒಕ್ಕಲುತನದ ಮನೆಯ ಮದುವೆ. ಬಿಸಿಲು ಹೇಗಿತ್ತೆಂದರೆ ಕೋಟಿನ ಹಿತ್ತಾಳೆ ಗುಂಡಿ ಮುಟ್ಟಿದರೆ ಚುರುಕ್ ಎನ್ನುತ್ತಿತ್ತು. ಮಂಗಲಾಷ್ಟಕ ಶುರುವಾಗಿತ್ತು, ಇನ್ನೂ ಮೂರು ಶ್ಲೋಕ ಬಾಕಿ. ನನ್ನ ಹಣೆಯಿಂದ ಬೆವರು ಕಣ್ಣಿಗಿಳಿಯಿತು. ನಾನು ಏನೂ ಯೋಚಿಸದೆ ಕಿಸೆಗೆ ಕೈ ಹಾಕಿ, ಕರವಸ್ತ್ರ ಕೊಡವಿ, ಮುಖ ಒರೆಸಿಕೊಂಡೆ.

ಹೊರಗೆ ಡ್ರಮ್ಮು ಗುಡುಗಿತು.

ಪಟ ಹಿಡಿದವರು ಇಳಿಸಿಬಿಟ್ಟರು. ಜನ ಅಕ್ಷತೆ ಎಸೆದರು. ನಮ್ಮ ಮಾಸ್ತರು ಊದೇ ಊದಿದರು. ನಡುವೆ ಭಟ್ಟರು ಎರಡೂ ಕೈ ಎತ್ತಿ, “ಏ ಇನ್ನಾ ಮುಹೂರ್ತ ಆಗಿಲ್ರೋ! ಹಿಡೀರೋ, ಪಟಾ ಹಿಡೀರೋ!” ಎಂದು ಕೂಗುವುದು ಬಾಯಿಯ ಆಡುವಿಕೆಯಿಂದ ಗೊತ್ತಾಗುತ್ತಿತ್ತೇ ಹೊರತು ಕೇಳಿಸುತ್ತಿರಲಿಲ್ಲ. ಮುಹೂರ್ತಕ್ಕೆ ಮುಂಚೆ ಮುಖ ನೋಡಿಬಿಟ್ಟ ವಧು ವರರು ಏನು ಮಾಡಬೇಕೆಂದು ತಿಳಿಯದೆ ಇನ್ನೂ ನೋಡುತ್ತಲೇ ನಿಂತಿದ್ದರು. ಬ್ಯಾಂಡು ನಿಂತ ಮೇಲೆ ಹೆಣ್ಣಿನ ತಂದೆ, ಆ ಮನೆಯ ಯಜಮಾನರು, ಹಂದರದ ಬಾಗಿಲಿಗೆ ಬಂದರು. ನನ್ನ ಕೈಯಲ್ಲಿ ಕರವಸ್ತ್ರ ಹಾಗೇ ಇತ್ತು. ಕೆಲಸ ಹೋಯಿತು, ಮೇಲೆ ಪೆಟ್ಟು ಬೀಳುವುದೂ ಖಂಡಿತ ಎಂದುಕೊಂಡೆ.

“ಯಾಂವ ಅಂವ ಬಾರಿಸಿದಾಂವ?” ಎಂದರು ಯಜಮಾನರು.

ಗಿಡದ ಬುಡದಿಂದ ಕಾಕಾ ಹೇಳಿದರು: “ನಾನ್ರಿ. ತಪ್ಪು ನಂದ್ರಿ. ಹೊರಗ ನಿಂತಾಂವಗ ಒಳಗಿಂದು ಕಾಣಂಗಿಲ್ಲರಿ.”

ಅಷ್ಟೇ ಹೇಳಿದ್ದು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈಗುಳ ಎಲ್ಲ ಅವರ ಮೇಲೆ ಬಿತ್ತು. ಪಟವನ್ನು ಮತ್ತೆ ಹಿಡಿಸಿ, ಉಳಿದ ಶ್ಲೋಕ ಹೇಳಿ, ನೆಲದಿಂದ ಬಳಿದ ಅಕ್ಷತೆಯನ್ನೇ ಎರಡನೆಯ ಸಲ ಎಸೆದರು. ಈ ಸಲ ಡ್ರಮ್ಮು ಬೇಡ ಎಂದರು ಯಜಮಾನರು. ಚಪ್ಪಾಳೆಗೆ ಪಟ ಇಳಿಯಿತು. ಅಷ್ಟು ಸಪ್ಪಗಿನ ಮದುವೆಯನ್ನು ನಾನು ಇನ್ನೊಂದು ಕಂಡಿಲ್ಲ.

ಅಂದು ಸಂಜೆ ಮರಳಿ ಬರುವಾಗ ಕಾಕಾ ಮಾಸ್ತರಿಗೆ ಹೇಳಿದರು: “ಇನ್ನ ಮ್ಯಾಲೆ ಪಟಾ ಕಾಣೂವಲ್ಲೆ ನಿಂದರಸೂದಾದ್ರ ಬರತೇನಿ. ಇಲ್ಲಂದ್ರ ನನ್ನ ಕರೀಬ್ಯಾಡ್ರಿ.” ಮಾಸ್ತರು ಕೆಟ್ಟವರಲ್ಲ, ಆದರೆ ಹೆದರುವವರು. ಕಾಕಾರನ್ನು ಕರೆಯಲಿಲ್ಲ. ಹುಕ್ಕೇರಿಯಿಂದ ಒಬ್ಬನನ್ನು ತಂದರು. ಅವನು ಬಾರಿಸಿದರೆ ತಗಡಿನ ಪತ್ರಾಸಿನ ಮೇಲೆ ಆಲಿಕಲ್ಲು ಬಿದ್ದಂತಿರುತ್ತಿತ್ತು. ಕುದುರೆಗಳು ಬೆದರಿದವು. ಕಾಕಾ ಹತ್ತಿ ಗಿರಣಿಯಲ್ಲಿ ಹೊರೆ ಹೊರುವ ಕೆಲಸಕ್ಕೆ ಹೋದರು. ಊರೂರಿನಲ್ಲಿ ‘ಮುಹೂರ್ತ ಕೆಡಿಸಿದಾಂವ’ ಎಂಬ ಹೆಸರು ಅವರಿಗೇ ಅಂಟಿಕೊಂಡಿತು. ಆ ಹೆಸರು ನನ್ನದು. ನಾನು ಅದೇ ಕೆಂಪು ಕೋಟು ತೊಟ್ಟು ಊದುತ್ತಲೇ ಇದ್ದೆ.

ಹೀಗೆ ಒಂದಿಡೀ ಮದುವೆಯ ಕಾಲ ಕಳೆಯಿತು. ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಿಂತುಕೊಂಡೇ ಹೇಳಿದೆ: “ಕಾಕಾ, ಅವತ್ತಿನ ತಪ್ಪು ನಂದ್ರಿ. ನಾ ಮಾರಿ ಒರಸ್ಕೊಂಡೆ.” ‘ಕಾಕಾ’ ಎಂದು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

“ಗೊತ್ತೈತಿ,” ಎಂದರು. “ವಸ್ತ್ರ ಮಾರಿಗೆ ಹೋದದ್ದು ಕಂಡೆ. ಅಷ್ಟೊತ್ತಿಗೆ ಕೈ ಬಿದ್ದಿತ್ತು.”

“ಮತ್ತ ನನ್ನ ಹೆಸರ ಯಾಕ ಹೇಳಲಿಲ್ರಿ?”

“ಹೇಳಿದ್ರ ಏನಾಕ್ಕಿತ್ತೋ ಪೀಪಿ? ನಿನ್ನ ಓಡಿಸಿ ಬಾಗಲದಾಗ ಇನ್ನೊಬ್ಬನ್ನ ನಿಂದರಸ್ತಿದ್ರು. ನಾ ಅಲ್ಲೇ ಗಿಡದ ಬುಡಕ ಇರ್ತಿದ್ದೆ.” ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟರು. “ನನ್ನ ಮುಂದ ಹೇಳಿ ಏನ ಮಾಡ್ತಿ? ಹೇಳಬೇಕಾದವರ ಮುಂದ ಹೇಳು. ಆದ್ರ ಅರ್ಧಾ ಹೇಳಬ್ಯಾಡ. ಹೊರಗ ನಿಂತಾಂವಗ ಕಾಣಂಗಿಲ್ಲ ಅನ್ನೂದನ್ನೂ ಹೇಳು.”

ಒಳಗಿನಿಂದ ಕಾಕಿ ನನಗೂ ಒಂದು ಬಟ್ಟಲು ಚಹಾ ತಂದಿಟ್ಟಳು. ಕುಡಿದೆ. ಆ ಮನೆಯಲ್ಲಿ ನಾನು ಏನನ್ನಾದರೂ ಬಾಯಿಗಿಟ್ಟದ್ದೂ ಅದೇ ಮೊದಲು.

ಕೌಜಲಗಿಯ ಯಜಮಾನರಿಗೆ ಇನ್ನೊಬ್ಬ ಮಗಳಿದ್ದಳು, ಅವಳ ಮದುವೆಯೂ ಗೊತ್ತಾಗಿತ್ತು. ನಾನು ಹೋಗಿ ಅವರ ಪಡಸಾಲೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ, ಅರ್ಧ ಬಿಡದೆ. ಅವರು ಅಡಕೆ ಕತ್ತರಿಸುತ್ತಲೇ ಕೇಳಿಸಿಕೊಂಡರು. ಆಮೇಲೆ, “ಅಂದ್ರ ಆ ಮನಶಾನ ಕಣ್ಣು ನೆಟ್ಟಗ ಐತಿ ಅಂದಂಗಾತು. ಕೆಟ್ಟದ್ದು ನಿನ್ನ ವಸ್ತ್ರ” ಎಂದರು. ಅಡಕೆ ಬಾಯಿಗೆ ಹಾಕಿಕೊಂಡು, “ಈ ಸಲ ವಸ್ತ್ರಾ ಬ್ಯಾಡ. ಅವನ್ನ ಒಳಗ ನಿಂದರಸ್ರಿ. ಬಾಗಲ ಕಂಬದ ಬಾಜೂಕ. ಅಲ್ಲಿಂದ ಮುಂದ ಬರೂದು ಬ್ಯಾಡ” ಎಂದರು. ಅವರ ಮನಸ್ಸು ಬದಲಾಗಿತ್ತು ಎಂದು ನಾನು ಹೇಳಲಾರೆ. ಮುಹೂರ್ತ ತಪ್ಪುವ ಹೆದರಿಕೆ ಉಳಿದ ಹೆದರಿಕೆಗಳಿಗಿಂತ ದೊಡ್ಡದಾಗಿತ್ತು, ಅಷ್ಟೇ. ಇದನ್ನು ಕಾಕಾರಿಗೆ ಹೇಳಿದಾಗ ಅವರು, “ಇವತ್ತ ಕಂಬಾ ಸಾಕು. ಅಲ್ಲಿಂದ ಪಟಾ ಕಾಣತೈತಿ” ಎಂದು ಧೋತರದ ಚೂರು ಬಿಚ್ಚಿ ಆ ಕೋಲು ತೆಗೆದರು.

ಆ ಮದುವೆಯಲ್ಲಿ ಕಾಕಾ ಕಂಬದ ಪಕ್ಕ ನಿಂತರು. ಕೆಲವರು ಸೆರಗು ಸರಿಸಿಕೊಂಡು ದೂರ ಹೋದರು, ಅದನ್ನೂ ಅವರ ಕಣ್ಣು ಕಂಡಿತು. ಕೊನೆಯ ಶ್ಲೋಕ ಮುಗಿಯಿತು. ಭಟ್ಟರ ತುಟಿ ಕೂಡಿದ ಆ ಕ್ಷಣಕ್ಕೇ ಡ್ರಮ್ಮು ಎದ್ದಿತು. ಮೊದಲು ಸಣ್ಣಗೆ, ಎಲ್ಲೋ ದೂರದಲ್ಲಿ ಇದ್ದಂತೆ, ಆಮೇಲೆ ಹಂದರದ ಬಿದಿರೆಲ್ಲ ನಡುಗುವಂತೆ. ಪಟ ಇಳಿಯಿತು. ನಾನು ಊದುತ್ತ ಕಾಕಾರ ಕಡೆ ನೋಡಿದೆ. ಅವರು ಬಾಯಿ ಸ್ವಲ್ಪ ತೆರೆದು ಮದುಮಗಳ ಮುಖವನ್ನೇ ನೋಡುತ್ತಿದ್ದರು.

ಮರಳಿ ಬರುವಾಗ ಬಸ್ಸಿನಲ್ಲಿ ಹೇಳಿದರು: “ಇಷ್ಟು ವರ್ಷ ಮದುವಿ ಬಾರಿಸಿದೆ ಪೀಪಿ. ನಂದೊಂದು ಬಿಟ್ರ ಒಂದೂ ಮದುವಿ ನೋಡಿದ್ದಿಲ್ಲ. ಪಟಾ ಇಳಿದಾಗ ಹೆಣ್ಣಿನ ಮಾರಿ ಹಂಗ ಅರಳತೈತಿ ಅಂತ ಗೊತ್ತಿದ್ದಿಲ್ಲ ನೋಡು.”

ದೊಡ್ಡ ಮನೆಯವರು ಬಿಟ್ಟುಕೊಂಡ ಮೇಲೆ ಸಣ್ಣ ಮನೆಯವರು ಬೇಡ ಎನ್ನಲಿಲ್ಲ. ಗೋಕಾಕು, ಮೂಡಲಗಿ, ಹುಕ್ಕೇರಿಗಳ ಹಂದರಗಳಲ್ಲಿ ಕಾಕಾ ವರ್ಷಕ್ಕಿಷ್ಟು ಎಂಬಂತೆ ಕಂಬದಿಂದ ಮುಂದೆ ಮುಂದೆ ಬಂದರು. ಕೆಲವೆಡೆ ಮತ್ತೆ ಗಿಡದ ಬುಡ ತೋರಿಸಿದವರೂ ಇದ್ದರು. ಅಲ್ಲಿ ಕಾಕಾ ಡ್ರಮ್ಮು ಹೆಗಲಿಗೇರಿಸಿ ತಿರುಗಿ ನಡೆದುಬಿಡುತ್ತಿದ್ದರು. ಕರೆದರೂ ನಿಲ್ಲುತ್ತಿರಲಿಲ್ಲ. ಅವರ ಹಿಂದೆ ನಾವೂ ಒಬ್ಬೊಬ್ಬರಾಗಿ ಹೊರಡುವುದನ್ನು ಕಲಿತೆವು.

ಅರವತ್ತರ ದಶಕದ ಕೊನೆಗೆ ಮೂಡಲಗಿಯಲ್ಲಿ ನನ್ನ ತಂಗಿಯ ಮದುವೆ. ಕಾಕಾರನ್ನು ನಾನು ಅಂತರಪಟದಿಂದ ಐದು ಹೆಜ್ಜೆಯಲ್ಲಿ ನಿಲ್ಲಿಸಿದ್ದೆ. ಮಂಗಲಾಷ್ಟಕ ನಡೆದಿತ್ತು. ಕಾಕಾ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದರು. “ಪೀಪಿ, ಬಿಳೇದೊಂದು ಮಂಜು ಕಾಣಾಕತ್ತೈತಿ, ಪಟಾ ಎಲ್ಲೈತೋ ತಿಳೀವಲ್ದು” ಎಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಎಷ್ಟು ಮದುವೆಗಳನ್ನು ಬರೀ ಕಿವಿಯ ಮೇಲೆ ಸಾಗಿಸಿದ್ದರೋ! ನನಗೆ ಅಳು ಬಂತು, ಆದರೆ ಅಳುವ ಹೊತ್ತಲ್ಲ. ಕ್ಲಾರಿನೆಟ್ ಕಂಕುಳಲ್ಲಿ ಇಟ್ಟು ಅವರ ಹೆಗಲ ಮೇಲೆ ಕೈಯಿಟ್ಟು ನಿಂತೆ. ಕೊನೆಯ ಶ್ಲೋಕ ಮುಗಿದ ಕ್ಷಣ ಹೆಗಲನ್ನು ಅದುಮಿದೆ. ಡ್ರಮ್ಮು ಗುಡುಗಿತು. ಅದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಕೋಲು ಇಳಿಸಿ ಕಾಕಾ ಕೇಳಿದರು: “ತಂಗಿ ಮಾರಿ ಹೆಂಗೈತೋ?”

“ಅರಳೇತ್ರಿ, ಕಾಕಾ.”

“ಹಂಗಲ್ಲ. ನೆಟ್ಟಗ ಹೇಳು.”

ನಾನು ನೋಡಿ ಹೇಳಿದೆ. ಬಾಸಿಂಗ ಸ್ವಲ್ಪ ಎಡಕ್ಕೆ ವಾಲಿದೆ, ಹುಬ್ಬಿನ ಮೇಲೆ ಒಂದು ಅಕ್ಕಿ ಕಾಳು ಕೂತಿದೆ, ನಗು ತಡೆಯಲು ಕೆಳತುಟಿ ಕಚ್ಚಿದ್ದಾಳೆ, ತಡೆಯಲು ಆಗುತ್ತಿಲ್ಲ. ಕಾಕಾ ಪ್ರತಿಯೊಂದಕ್ಕೂ ತಲೆಯಾಡಿಸಿದರು. ಆಮೇಲೆ ಆ ಎರಡು ಕೋಲನ್ನು ಧೋತರದ ಚೂರಿನಲ್ಲಿ ಸುತ್ತಿದರು. ಮತ್ತೆ ಅವನ್ನು ಬಿಚ್ಚಲಿಲ್ಲ.

ಮರುವರ್ಷ ಹೋದರು. ಕಾಕಿ ಆ ಕೋಲುಗಳನ್ನು ಅವರ ಎದೆಯ ಮೇಲಿಟ್ಟು ಕಳಿಸಿದಳು. ಕೆಂಪು ಕೋಟು ತೊಟ್ಟ ನಾವೆಲ್ಲ ಹಿಂದೆ ನಡೆದೆವು. ಯಾರೂ ಏನನ್ನೂ ಬಾರಿಸಲಿಲ್ಲ.

ನನಗೀಗ ವಯಸ್ಸಾಗಿದೆ. ಊದುವ ದಮ್ಮಿಲ್ಲ, ಮದುವೆಗಳಿಗೆ ಊಟಕ್ಕೆ ಮಾತ್ರ ಹೋಗುತ್ತೇನೆ. ಮಂಗಲಾಷ್ಟಕ ಶುರುವಾದಾಗ ಬೆವರು ಕಣ್ಣಿಗಿಳಿದರೂ ನಾನು ಕಿಸೆಗೆ ಕೈ ಹಾಕುವುದಿಲ್ಲ. ಪಟ ಇಳಿಯುವವರೆಗೆ ಹಾಗೇ ನಿಂತಿರುತ್ತೇನೆ. ಇಳಿದ ಮೇಲೆ ಮದುಮಗಳ ಮುಖವನ್ನು ನೆಟ್ಟಗೆ ನೋಡಿಕೊಳ್ಳುತ್ತೇನೆ, ಕೇಳಿದರೆ ಹೇಳಲು ಬರಬೇಕಲ್ಲ.