ಗೌತಮಿಯ ಜೊತೆ ಕಾಲುವೆ ಆಡಿದ ಬೇಸಿಗೆ

ಆಗ ನಮ್ಮ ದೇವಾಪುರಕ್ಕೆ ಕಾಲುವೆ ನೀರು ಇನ್ನೂ ಬಂದಿರಲಿಲ್ಲ, ನೀರಿನ ಸುದ್ದಿಯಷ್ಟೇ ಬಂದಿತ್ತು. ಜೋಳದ ಹೊಲಗಳ ನಡುವೆ ಸುಣ್ಣ ಬಳಿದ ಕಲ್ಲುಗಳು ಎದ್ದಿದ್ದವು. ಸುರಪುರದ ಕಡೆಯಿಂದ ದಿನಾ ಒಂದು ಜೀಪು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಆ ಬೇಸಿಗೆಯಲ್ಲೇ ನಮ್ಮ ಬಾಜೂ ಮನೆಗೆ ಗೌತಮಿ ಬಂದಳು. ಅವಳ ಅಪ್ಪ ಕಾಲುವೆ ಆಫೀಸಿನಲ್ಲಿ ನಕ್ಷೆ ಬರೆಯುವವರು. ಅವರ ಪಡಸಾಲೆಯಲ್ಲಿ ಬುದ್ಧನ ಪಟ, ಸುರುಳಿ ಸುತ್ತಿದ ಕಾಗದ, ಶಾಯಿಯ ವಾಸನೆ. ನಾನೂ ಅವಳೂ ಆರನೇ ಕ್ಲಾಸು ಮುಗಿಸಿದ್ದೆವು.

ಅವಳು ಒಂದು ಆಟ ತಂದಿದ್ದಳು. ನೆಲಕ್ಕೆ ಹಾಸಿದ ಪರ್ಶಿ ಕಲ್ಲಿನ ಮೇಲೆ ಬಳಪದಿಂದ ಇಟ್ಟಂಗಿ ಗೋಡೆಯ ಹಾಗೆ ಮನೆ ಬರೆಯುವುದು, ಏಳು ಸಾಲು, ಸಾಲಿಗೆ ಏಳು.

"ನೀ ಕಾಲುವಿ. ಈ ಗ್ವಾಡಿಯಿಂದ ಆ ಗ್ವಾಡಿ ತನಕ ನೀರು ಒಯ್ಯಬೇಕು. ನಾ ದಾರಿ. ಬಾಗಲದಿಂದ ಒಲಿ ಕಡೆ ಹೋಗ್ತೀನಿ," ಅಂದಳು.

ಒಬ್ಬರಾದ ಮೇಲೊಬ್ಬರು ಒಂದೊಂದು ಮನೆ ಹಿಡಿಯಬೇಕು. ನನ್ನವು ಹುಣಸೆಬೀಜ, ಅವಳವು ಬಳೆಚೂರು. ಇಟ್ಟದ್ದನ್ನು ತೆಗೆಯುವಂತಿಲ್ಲ, ಸರಿಸುವಂತಿಲ್ಲ. ಒಂದಕ್ಕೊಂದು ತಾಗಿದ ಮನೆಗಳ ಸಾಲು ಯಾರದು ಮೊದಲು ಈಚೆ ದಂಡೆಯಿಂದ ಆಚೆ ದಂಡೆ ಮುಟ್ಟುತ್ತದೋ ಅವರು ಗೆದ್ದರು. ಕವಡೆ ಹಾಕಿ ಆಡುವ ಆಟಗಳಲ್ಲಿ ಸೋತರೆ ಕವಡೆಯನ್ನು ಬಯ್ಯಬಹುದಿತ್ತು. ಇಲ್ಲಿ ಬಯ್ಯಲು ನನ್ನ ತಲೆಯೊಂದೇ ಇತ್ತು.

ಎಷ್ಟು ಸಲ ಸೋತೆನೋ! ಕೊನೆಗೆ ಸಿಟ್ಟು ಬಂತು. ನಾನು ಗೆಲ್ಲದಿದ್ದರೂ ಸರಿ, ಅವಳೂ ಗೆಲ್ಲಬಾರದು.

"ಇಬ್ಬರೂ ನಡುವೇ ಸಿಕ್ಕಿಬೀಳಂಗ ಮಾಡೂಣ. ನೀರೂ ಹೋಗಬಾರದು, ದಾರಿನೂ ಹೋಗಬಾರದು," ಅಂದೆ.

"ಅದು ಆಗಂಗಿಲ್ಲ."

"ಯಾಕ ಆಗಂಗಿಲ್ಲ?"

"ಅಪ್ಪ ಹೇಳ್ಯಾನ. ಯಾಕಂತ ನಾ ಕೇಳಿಲ್ಲ."

ಅವಳು ಕೇಳದೆ ಬಿಟ್ಟದ್ದು ಅದೊಂದೇ ಇರಬೇಕು. ಅಂದಿನಿಂದ ನಾವು ಎದುರಾಳಿಗಳಾಗಿ ಆಡುವುದನ್ನು ಬಿಟ್ಟು, ಇಬ್ಬರೂ ಸೇರಿ ನಲವತ್ತೊಂಬತ್ತು ಮನೆ ತುಂಬಿಸುತ್ತಾ ಕೂತೆವು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಾ ಎಡಗೈಯಲ್ಲಿ ಬೀಜ ಇಡುತ್ತಿದ್ದೆವು. ಈ ಸಲ ಎರಡೂ ಸಿಕ್ಕಿಬಿದ್ದವು ಅನ್ನುವಷ್ಟರಲ್ಲಿ ಎಲ್ಲೋ ಮೂಲೆಯಲ್ಲಿ ಒಂದು ಸಾಲು ಹಾವಿನಂತೆ ಹೊರಳಿ ದಂಡೆ ಮುಟ್ಟಿರುತ್ತಿತ್ತು. ಅವ್ವ ಬಂದು ನೋಡಿ, "ಕಲ್ಲಿನ ಮ್ಯಾಗ ಹುಣಸಿಬೀಜ ಬಿತ್ತಾಕತ್ತೀರೇನು?" ಅಂತ ನಕ್ಕಳು.

ವಾರದ ಮೇಲೆ ಗೌತಮಿಯ ಅಪ್ಪ ನಮ್ಮ ಬಳಿ ಕುಕ್ಕರಗಾಲಿನಲ್ಲಿ ಕೂತರು.

"ನೀರು ಆಚೆ ಹೋಗದಂಗ ನಿಲ್ಲಿಸಬೇಕಂದ್ರ ಏನು ಬೇಕು?"

"ಒಡ್ಡು ಬೇಕ್ರಿ ಕಾಕಾ," ಅಂದೆ.

"ಒಡ್ಡಿನಾಗ ಸಂದು ಇರಬಹುದೇನು?"

"ಸಂದಿದ್ರ ನೀರು ಹೋಗ್ತದಲ್ರಿ. ಈ ದಂಡಿಯಿಂದ ಆ ದಂಡಿ ತನಕ ಕೂಡಿರಬೇಕು."

"ಹಂಗಾದ್ರ ಆ ಒಡ್ಡಿನ ಮ್ಯಾಗ ನಡಕೊಂತ ಹೋಗಬಹುದಲ್ಲ?"

ನಾನೂ ಗೌತಮಿಯೂ ಮುಖ ಮುಖ ನೋಡಿಕೊಂಡೆವು. ಒಡ್ಡೇ ದಾರಿ! ನೀರನ್ನು ಪೂರಾ ತಡೆದರೆ ದಾರಿ ಗೆದ್ದಂತೆಯೇ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಹೊಳೆಯಿತು.

"ಕಾಕಾ, ಖರೇ ಕಾಲುವಿ ಬಂದ್ರ ನಮ್ಮ ಹೊಲದ ದಾರಿ ಸೋಲ್ತದಲ್ರಿ?"

"ದಾರಿ ಇದ್ದಲ್ಲಿ ಮ್ಯಾಗ ಸೇತುವೆ ಕಟ್ತಾರವ್ವ," ಎಂದು ನಕ್ಷೆಯ ಸುರುಳಿ ಬಿಚ್ಚಿದರು. ಕಾಲುವೆ ನೀಲಿ ಗೆರೆಯಾಗಿ ಊರಿಗೂ ನಮ್ಮ ಹೊಲಕ್ಕೂ ನಡುವೆ ಹಾದುಹೋಗಿತ್ತು. ದಾರಿ ಮಾತ್ರ ಇರಲಿಲ್ಲ.

"ಇಲ್ಲಿ ದಾರಿ ಅದ ಏನು?"

"ಅದರಿ! ಅವ್ವ ದಿನಾ ಅದರಾಗೇ ಬುತ್ತಿ ಒಯ್ತಾಳ."

ಅವರು ಪೆನ್ನು ಕೆಳಗಿಟ್ಟರು. ಮರುದಿನ ಮುಂಜಾನೆ ಬುತ್ತಿ ಹೊತ್ತ ಅವ್ವನ ಹಿಂದೆ ಹೊಲದ ತನಕ ನಡೆದರು. ನಾವಿಬ್ಬರೂ ಹಿಂದಿದ್ದೆವು. ಸೇತುವೆ ಇಲ್ಲದಿದ್ದರೆ ಅವ್ವ ಊರು ಸುತ್ತಿ ಎರಡು ಹರದಾರಿ ನಡೆಯಬೇಕಾಗುತ್ತಿತ್ತು.

"ಇದನ್ನ ಸೇರಿಸೋ ಅಧಿಕಾರ ನನಗಿಲ್ರಿ ಅಕ್ಕಾರ. ಸುತ್ತಲಿನ ಹೊಲದವರೆಲ್ಲ ಕೂಡಿ ಅರ್ಜಿ ಕೊಡ್ರಿ. ಈ ದಾರಿ ನನ್ನ ಕಣ್ಣಿಲೇ ನೋಡೀನಂತ ನಾನೂ ಬರದು ಕೊಡ್ತೀನಿ," ಅಂದರು.

ನಮ್ಮಪ್ಪ ಮನೆ ಮನೆ ತಿರುಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದ. ಅರ್ಜಿ ಬರೆದವಳು ಗೌತಮಿ, ಅವಳ ಅಕ್ಷರಗಳು ದುಂಡಗಿದ್ದವು. ಆಮೇಲೆ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಮಳೆಗಾಲದಲ್ಲಿ ಅವಳಪ್ಪನಿಗೆ ಶಹಾಪುರದ ಕಡೆ ಕೆಲಸ ಬಿತ್ತು. ಟ್ರಕ್ಕಿನಲ್ಲಿ ಸಾಮಾನಿನ ಮೇಲೆ ಕೂತು ಹೊರಟ ಗೌತಮಿ, "ಸೇತುವೆ ಆದ್ರ ಪತ್ರ ಬರಿ," ಅಂತ ಕೂಗಿದಳು.

ಎರಡು ವರ್ಷದ ಮೇಲೆ ಸೇತುವೆ ಆಯಿತು. ಒಂದು ಬಂಡಿ ಹಾಯುವಷ್ಟೇ ಅಗಲ. ಮೊದಲ ನೀರು ಕೆಂಪಗೆ, ಕಸಕಡ್ಡಿ ಹೊತ್ತು ಬಂದ ದಿನ ಅವ್ವ ಬುತ್ತಿ ಹೊತ್ತುಕೊಂಡೇ ಸೇತುವೆಯ ನಡುವೆ ನಿಂತು ಬಹಳ ಹೊತ್ತು ಕೆಳಗೆ ನೋಡಿದಳು. ನಾನು ಪತ್ರ ಬರೆದೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಅವರು ಮತ್ತೊಂದು ಊರಿಗೆ ಹೋಗಿದ್ದರೋ ಏನೋ.

ಈಗ ಅಲ್ಲಿ ಜೋಳವಿಲ್ಲ, ಕಣ್ಣು ಹಾಯುವಷ್ಟೂ ಭತ್ತ. ಬುತ್ತಿ ಹೊತ್ತು ನಡೆಯುವವರೂ ಇಲ್ಲ. ಕಳೆದುಹೋದದ್ದು ಏನೆಂದು ಲೆಕ್ಕ ಹಾಕಿದರೆ ನನಗೆ ಜೋಳಕ್ಕಿಂತ ಮೊದಲು ನೆನಪಾಗುವುದು ಆ ವಾರ. 'ಯಾಕೆ ಆಗುವುದಿಲ್ಲ' ಅನ್ನುವ ಒಂದೇ ಪ್ರಶ್ನೆಗೆ ನಾವು ಮುಂಜಾನೆಯಿಂದ ಸಂಜೆಯ ತನಕ ಬಗ್ಗಿ ಕೂತಿರುತ್ತಿದ್ದೆವು. ಮುಂದೆ ಗೆಳತಿಯರು ಬಹಳ ಮಂದಿ ಸಿಕ್ಕರು. ಅಂಥ ಎದುರಾಳಿ ಮಾತ್ರ ಮತ್ತೆ ಸಿಗಲಿಲ್ಲ.