ಬಳೆ ಖಾಲಾ ತೆಗೆದುಕೊಂಡ ಅಳತೆ

ಬೆಳಿಗ್ಗೆ ಎದ್ದು ಅಂಗಳ ಕಸ ಹೊಡೆದೆ. ಎಮ್ಮೆ ಹಿಂಡಿದೆ. ಹದಿನೆಂಟು ರೊಟ್ಟಿ ಬಡಿದು, ದ್ರಾಕ್ಷಿ ಪಡಕ್ಕೆ ಹೋಗುವವರಿಗೆ ಬುತ್ತಿ ಕಟ್ಟಿದೆ. ಮೊಮ್ಮಗನಿಗೆ ಎಣ್ಣೆ ಹಚ್ಚಿ ಎರೆದು ತೊಟ್ಟಿಲಿಗೆ ಹಾಕಿದೆ. ಬಿಸಿಲು ಚೆನ್ನಾಗಿ ಬಿದ್ದಿತ್ತು, ಕೌದಿ ಶಾಲುಗಳಿಗೆ ಗಾಳಿ ತೋರಿಸೋಣವೆಂದು ಟ್ರಂಕಿನ ಮುಚ್ಚಳ ಎತ್ತಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆ ಬಂದಾಗಲೆಲ್ಲ ನನಗೆ ಚಳಿಗಾಲ ನೆನಪಾಗುವುದಿಲ್ಲ, ಕುಡಚಿಯಿಂದ ಬರುತ್ತಿದ್ದ ಬಳೆಗಾರ್ತಿ ನೆನಪಾಗುತ್ತಾಳೆ. ಆಕೆಯ ಗಂಟಿನ ತುಂಬ ಇದೇ ವಾಸನೆ.

ಊರ ಹೆಂಗಸರೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ತಲೆಯ ಮೇಲಿನ ಬುಟ್ಟಿಯಲ್ಲಿ ಬಳೆ, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಬಳೆ ಇಡಿಸುವುದು ಪಡಸಾಲೆಯಲ್ಲಿ, ಎಲ್ಲರೆದುರು. ಗಂಟು ಮಾತ್ರ ಒಳಕೋಣೆಯಲ್ಲೇ ಬಿಚ್ಚಬೇಕು. ಅದರಲ್ಲಿ ಬಾಡಿ, ಸೀರೆಯೊಳಗೆ ಉಡುವ ಪರಕಾರ, ಲಾಡಿ ಇರುತ್ತಿದ್ದವು. ಬ್ರಾ ಎಂಬ ಮಾತು ಆಗ ನಮ್ಮ ಬಾಯಲ್ಲಿ ಇರಲಿಲ್ಲ. ಬಾಡಿ ಎನ್ನುತ್ತಿದ್ದೆವು, ಅದನ್ನೂ ಗಂಡಸರು ಹೊರಗೆ ಹೋದ ಮೇಲೆ.

ನಾನು ಆಕೆಯ ಗಂಟಿನಿಂದ ಏನನ್ನೂ ಕೊಂಡಿರಲಿಲ್ಲ. ನನಗೆ ತಂದುಕೊಡುತ್ತಿದ್ದವರು ನಮ್ಮ ಮನೆಯವರು. ಚೀಟಿಯಲ್ಲಿ ಮೂವತ್ತೆಂಟು ಎಂದು ಬರೆದುಕೊಡುತ್ತಿದ್ದೆ. ಜಂಪರ ಹೊಲಿಯುವ ಟೇಲರ್ ಎದೆಯಳತೆ ಎಂದು ಹೇಳಿದ್ದ ನಂಬರು ಅದು. ನಮ್ಮ ಓಣಿಯಲ್ಲಿ ಎಲ್ಲರೂ ಜಂಪರಿನ ನಂಬರನ್ನೇ ಬಾಡಿಗೂ ಹೇಳುತ್ತಿದ್ದರು. ನಮ್ಮ ಮನೆಯವರು ಅಥಣಿಯ ಅಂಗಡಿಯ ಹೊರಗೆ ಗಿರಾಕಿ ಕರಗುವತನಕ ನಿಂತು, ಮಾತಿಲ್ಲದೆ ಚೀಟಿ ಚಾಚಿ, ಪೊಟ್ಟಣವನ್ನು ಗೊಬ್ಬರದ ಚೀಲದಲ್ಲಿ ಮುಚ್ಚಿಕೊಂಡು ತರುತ್ತಿದ್ದರು. ನನ್ನ ಕೈಗೆ ಕೊಡಲೂ ನಾಚಿಕೆ. ಹಾಸಿಗೆಯ ಮೇಲಿಟ್ಟು ಎತ್ತಿನ ಕಡೆ ಹೋಗಿಬಿಡುತ್ತಿದ್ದರು.

ಮಗ ಹುಟ್ಟಿ ವರ್ಷ ತುಂಬಿತ್ತು. ಪಡದಲ್ಲಿ ದ್ರಾಕ್ಷಿ ಗೊಂಚಲು ಬಿಡಿಸುವ ಕೆಲಸ ಶುರುವಾಗಿತ್ತು. ಕಾಳು ಒತ್ತೊತ್ತಾಗಿ ಬೆಳೆಯಬಾರದೆಂದು ಚಪ್ಪರದ ಕೆಳಗೆ ನಿಂತು, ಕತ್ತರಿ ಹಿಡಿದು, ನಡುನಡುವಿನ ಕಾಳು ತೆಗೆಯಬೇಕು. ದಿನವಿಡೀ ಕೈ ಮೇಲೆ. ಆ ಕೆಲಸ ನನಗೆ ಬಹಳ ಸೇರುತ್ತಿತ್ತು. ಹತ್ತು ಹೆಂಗಸರು ಸಾಲಾಗಿ ನಿಂತು, ಯಾರ ಸೊಸೆ ಏನಂದಳು, ಯಾರ ಗಂಡ ಎಲ್ಲಿ ಬಿದ್ದ ಎಂದು ನಗುತ್ತ... ಮನೆಯೊಳಗೆ ಆ ಗಾಳಿ ಎಲ್ಲಿತ್ತು!

ಆದರೆ ಆ ವರ್ಷ ಕೈ ಎತ್ತಿದರೆ ಬಾಡಿಯೂ ಮೇಲೇರುತ್ತಿತ್ತು. ಗಳಿಗೆಗೊಮ್ಮೆ ಬಳ್ಳಿಯ ಮರೆಗೆ ಹೋಗಿ ಕೆಳಗೆ ಎಳೆದುಕೊಳ್ಳುತ್ತಿದ್ದೆ. ಜಾರದಿರಲೆಂದು ಹೆಗಲ ಪಟ್ಟಿ ಬಿಗಿ ಮಾಡಿದೆ. ಹೆಗಲಲ್ಲಿ ಬೆರಳು ಹೂಳುವಷ್ಟು ತಗ್ಗು ಬಿದ್ದವು, ಕುತ್ತಿಗೆ ಹಿಡಿಯಿತು, ಮಧ್ಯಾಹ್ನದ ಹೊತ್ತಿಗೆ ಕೈ ಜೋಮು. ಡಾಕ್ಟರು ಮುಲಾಮು ಕೊಟ್ಟರು. ಮೂಲ ಎಲ್ಲಿದೆ ಎಂದು ಅವರಿಗೆ ಹೇಳುವ ಬಾಯಿ ನನಗಿರಲಿಲ್ಲ, ನನಗೇ ಗೊತ್ತೂ ಇರಲಿಲ್ಲ.

ನಮ್ಮತ್ತೆ ನೋಡುವಷ್ಟು ನೋಡಿ ಒಂದು ದಿನ ಅಂದರು, "ನಿನ್ನ ಕೈಲೆ ಪಡದ ಕೆಲಸ ನೀಗೂದಿಲ್ಲವಾ. ಸೋಮವಾರದಿಂದ ರಾಯಬಾಗದ ನನ್ನ ತಂಗಿ ಮಗಳು ಬರ್ತಾಳ. ನೀ ಒಲಿ ನೋಡ್ಕೊ." ಒಮ್ಮೆ ಒಲೆಗೆ ಹೋದವಳು ಮರಳಿ ಪಡಕ್ಕೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಅದೇ ವಾರ ಬುಧವಾರ ಖಾಲಾ ಬಂದಳು. ಬಳೆ ಏರಿಸಲು ನನ್ನ ಅಂಗೈ ಒತ್ತಿದಾಗ ಹೆಗಲತನಕ ಚಳಕು ಹೊಡೆದು "ಯವ್ವಾ" ಎಂದೆ. ಆಕೆ ಬಳೆ ಬಿಟ್ಟು ನನ್ನ ಜಂಪರಿನ ಹೆಗಲು ಸರಿಸಿ ನೋಡಿದಳು. ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಕೈ ಮ್ಯಾಲೆತ್ತು ಬೇಟಿ."

ಎತ್ತಿದೆ. ಬಾಡಿ ಮೇಲೇರಿತು.

"ಯಾರ ಆರಿಸಿ ತಂದಾರ ಇದನ್ನ?"

"ನಮ್ಮ ಮನಿಯವರು. ಜಂಪರಿನ ನಂಬರ ಬರದ ಕೊಟ್ಟಿದ್ದೆ."

ಖಾಲಾ ಹಣೆ ಬಡಿದುಕೊಂಡು ನಕ್ಕಳು. "ಜಂಪರಿನ ನಂಬರ ಟೇಲರಗ ಇರ್ಲಿ. ಇದರ ನಂಬರ ಎದಿ ಕೆಳಗಿಂದು." ಗಂಟಿನಿಂದ ಟೇಪು ತೆಗೆದು ಎದೆಯ ಕೆಳಗೆ ಬಿಗಿಯಾಗಿ ಸುತ್ತಿದಳು. ಆಮೇಲೆ ಎದೆ ತುಂಬಿದ ಕಡೆ ಸಡಿಲವಾಗಿ ಸುತ್ತಿದಳು. "ನೋಡು, ಬಟ್ಟಲಾ ಸರಿ ಐತಿ, ಪಟ್ಟಿ ಸಡ್ಲ ಐತಿ. ನಿನಗ ಬೇಕಾದ್ದು ಪಟ್ಟಿ ಮೂವತ್ನಾಕು, ಬಟ್ಟಲಾ ಡಿ. ಭಾರ ಹೊರೂದು ಈ ಕೆಳಗಿನ ಪಟ್ಟಿ. ಹೆಗಲ ಮ್ಯಾಲಿಂದು ಸುಮ್ನ ಹಿಡ್ಕೊಳ್ಳಾಕ ಅಷ್ಟ. ನೀ ಹೆಗಲಿಗೆ ಕೊಡ ಕಟ್ಟಿದಂಗ ಕಟ್ಟೀ."

ಬಾಗಿಲ ಸಂದಿಯಿಂದ ಅತ್ತೆಯ ದನಿ ಬಂತು. "ಇದಕ್ಕೂ ಒಂದ ಅಳತೇನ? ನಾವೆಲ್ಲ ಬರೇ ಕುಬಸದ ಮ್ಯಾಲ ಬಾಳೇ ಮಾಡೇವಿ."

"ಅಕ್ಕಾರ," ಎಂದಳು ಖಾಲಾ ಬಾಗಿಲು ತೆರೆಯದೆ, "ನಿಮಗ ಬಳಿ ಇಡಸೂಮುಂದ ನಿಮ್ಮ ಸೊಸಿ ಕೈ ಹಿಡದ ಅಳತಿ ನೋಡ್ಲೇನ್ರಿ?"

ಅತ್ತೆಯ ಹೆಜ್ಜೆ ಸಪ್ಪಳ ಒಲೆಯ ಕಡೆ ಹೋಯಿತು. ಬಳೆಗಾರ್ತಿ ಎಂದೂ ನಂಬರು ಕೇಳುವವಳಲ್ಲ. ಕೈ ಒತ್ತಿ, ಎಲುಬು ಯಾವುದು, ಮಾಂಸ ಯಾವುದು ಎಂದು ನೋಡಿಯೇ ಬಳೆ ಆರಿಸುವವಳು.

ಆದರೆ ಗಂಟಿನಲ್ಲಿ ಡಿ ಇರಲಿಲ್ಲ. ಎಲ್ಲ ಸಣ್ಣ ಬಟ್ಟಲಿನ ಬಿ. ಮಿರಜದಿಂದ ತರುತ್ತೇನೆ, ಭಾನುವಾರ ಬರುತ್ತೇನೆ ಎಂದು ಹೋದಳು. ಭಾನುವಾರ ಸಂಜೆಯತನಕ ಬಾಗಿಲ ಕಡೆ ನೋಡಿದೆ... ಬರಲಿಲ್ಲ. ರಾಯಬಾಗದ ಹುಡುಗಿ ಮಾತ್ರ ಬಂದಳು.

ಸೋಮವಾರ ಬೆಳಿಗ್ಗೆ ಆ ಹುಡುಗಿ ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಚಹಾ ಕುಡಿಯುತ್ತಿದ್ದಾಗ ಖಾಲಾ ಮೊದಲ ಬಸ್ಸಿಗೆ ಬಂದಳು. ಬುಟ್ಟಿಯಿಲ್ಲ, ಗಂಟಿಲ್ಲ, ಕೈಯಲ್ಲೊಂದು ಕಾಗದದ ಪೊಟ್ಟಣ. ಬಿಚ್ಚಿದರೆ ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಬಾಡಿ.

"ಬಣ್ಣಾ ನೋಡಬ್ಯಾಡ. ಇದೊಂದ ಉಳದಿತ್ತು. ಒಳಗ ಹಾಕ್ಕೊಳ್ಳೂದು, ಯಾರ ನೋಡ್ತಾರ?"

"ಒಬ್ಬಾಂವ ನೋಡ್ತಾನಲ್ಲ," ಎಂದರು ಅತ್ತೆ, ಮುಖ ಬಿಗಿದುಕೊಂಡೇ. ಎಲ್ಲರೂ ನಕ್ಕೆವು.

ಒಳಗೆ ಖಾಲಾ ಹೇಗೆ ಹಾಕಿಕೊಳ್ಳಬೇಕೆಂದೂ ಕಲಿಸಿದಳು. ಸ್ವಲ್ಪ ಮುಂದೆ ಬಾಗಿ ಎದೆಯನ್ನು ಬಟ್ಟಲಿಗೆ ಕೂಡಿಸಬೇಕು. ಹೊಸದಿರುವಾಗ ಕೊನೆಯ ಕೊಂಡಿ, ಪಟ್ಟಿ ಜಗ್ಗಿದ ಹಾಗೆ ಒಳಗಿನ ಕೊಂಡಿ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಬೆನ್ನ ಹಿಂದೆ ಪಟ್ಟಿ ಮೇಲಕ್ಕೆ ಹತ್ತದೆ ನೇರ ಇರಬೇಕು. "ತೆಳ್ಳಗಿದ್ದಾಕಿಗೆ ಒಂದು, ಬಾಣಂತಿಗೆ ಒಂದು, ಎದಿ ಕೆಳಗ ತುಂಬಿದಾಕಿಗೆ ಒಂದು. ನಿನ್ನ ಮೈಗೆ ಅದು ಒಗ್ಗಬೇಕು ಬೇಟಿ, ನೀ ಅದಕ್ಕ ಒಗ್ಗೂದಲ್ಲ."

ಹೊರಗೆ ಬಂದು ಅತ್ತೆಯೆದುರು ನಿಂತು ಎರಡೂ ಕೈ ಎತ್ತಿದೆ. ಇಳಿಸಿದೆ. ಮತ್ತೆ ಎತ್ತಿದೆ. ಏನೂ ಅಲುಗಲಿಲ್ಲ.

"ಇವತ್ತೊಂದ ದಿನ ಇಬ್ರೂ ಹೋಗ್ರಿ. ನೋಡೂಣು," ಎಂದರು ಅತ್ತೆ.

ಅಂದು ಹೊತ್ತು ಮುಳುಗುವತನಕ ನಿಂತೆ. ಹೆಗಲ ನೋವು ಒಂದೇ ದಿನಕ್ಕೆ ಹೋಗಲಿಲ್ಲ, ಸುಳ್ಳು ಹೇಳಬಾರದು, ತಿಂಗಳು ಹಿಡಿಯಿತು. ಆದರೆ ಬಳ್ಳಿಯ ಮರೆಗೆ ಒಮ್ಮೆಯೂ ಹೋಗಲಿಲ್ಲ. ರಾಯಬಾಗದ ಹುಡುಗಿ ಎಂಟು ದಿನವಿದ್ದು ಊರಿಗೆ ಹೋದಳು, ನಾನು ಪಡದಲ್ಲೇ ಉಳಿದೆ. ಮುಂದಿನ ಸಲ ಖಾಲಾ ಬಂದಾಗ ಅತ್ತೆ ತಾವಾಗಿಯೇ ಒಳಕೋಣೆಗೆ ಹೋಗಿ ಕರೆದರು, "ಬಾ ಬೇ, ನನಗೂ ಸುತ್ತು ಆ ಟೇಪು. ನಗಬ್ಯಾಡ ಮತ್ತ."

ಖಾಲಾ ಬರುವುದು ಯಾವಾಗ ನಿಂತಿತೋ... ಒಂದು ಪಂಚಮಿಗೆ ಬರಲಿಲ್ಲ, ಮೊಣಕಾಲು ನೋವಿರಬೇಕು ಎಂದುಕೊಂಡೆವು. ಮುಂದಿನ ಪಂಚಮಿಗೂ ಬರಲಿಲ್ಲ. ಆಮೇಲೊಮ್ಮೆ ಕುಡಚಿಗೆ ಹೋದಾಗ ಕೇಳಿದೆ. ಹೆಸರು ಹೇಳಿ ಕೇಳೋಣವೆಂದರೆ ಹೆಸರೇ ಗೊತ್ತಿಲ್ಲ. ಬುಟ್ಟಿ, ಗಂಟು, ನಗು ಎಲ್ಲ ಹೇಳಿದ ಮೇಲೆ ಬಳೆ ಅಂಗಡಿಯವಳೊಬ್ಬಳು, "ಅವರು ತೀರಕೊಂಡು ಎರಡ ಮಳಿಗಾಲ ಆತ್ರಿ," ಎಂದಳು. ಅಷ್ಟು ವರ್ಷ ನನ್ನ ಮೈಯಳತೆ ಗೊತ್ತಿದ್ದವಳ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಇಂದು ಸಂಜೆ ಸೊಸೆ ಫೋನು ಹಿಡಿದು ಬಂದಳು. ಕೂಸು ಹುಟ್ಟಿದ ಮೇಲೆ ಹಳೆಯವು ಒಂದೂ ಆಗುತ್ತಿಲ್ಲ, ಹೊಸದು ತರಿಸಬೇಕಂತೆ. "ಅತ್ತಿ, ಇಲ್ಲಿ ಎದಿ ಕೆಳಗಿನ ಅಳತಿ ಕೇಳಾಕತ್ತಾರ. ಇದೇನ ಹೊಸಾದು?"

"ಹೊಸಾದಲ್ಲವಾ, ಬಾ ಇಲ್ಲಿ," ಎಂದು ಬಾಗಿಲು ಮುಂದೆ ಮಾಡಿದೆ. ಎರಡು ಸಲ ಟೇಪು ಸುತ್ತಿದೆ, ಆಕೆ ಬರೆದುಕೊಂಡಳು. ಬರುವ ವಾರ ಗೊಂಚಲು ಬಿಡಿಸುವ ಕೆಲಸ ಶುರು. ತಾನೂ ಪಡಕ್ಕೆ ಬರುತ್ತೇನೆ ಎಂದಳು. ಕೂಸಿನ ಜೊತೆ ನಾನಿರುತ್ತೇನೆ ಎಂದೆ.

ರಾತ್ರಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ, ಮೇಲೆ ಮಜ್ಜಿಗೆ ಅನ್ನ ಉಂಡೆವು. ಕೂಸಿಗಿಂತ ಮೊದಲು ಅದರ ತಾಯಿಯೇ ನಿದ್ದೆ ಹೋದಳು. ನಾನು ತೊಟ್ಟಿಲು ತೂಗುತ್ತ ಕುಳಿತೆ.